ಇನ್ನೂ ಸಿಗದ ಮನೆಯ ಬಾಗಿಲ ಹಿಂದೆ

"ಇನ್ನು ಯಾವತ್ತೂ ನಿನ್ನನ್ನ ಮದುವೆ ಆಗು ಅಂತ ಕೇಳಲ್ಲ" ಎಂದು ಅವನು ನನಗೆ ಮಾತು ಕೊಟ್ಟಾಗ ನನ್ನ ಮಗಳಿಗೆ ಆಗಷ್ಟೇ ಹಲ್ಲು ಮೂಡುತ್ತಿತ್ತು.

ಮಾತು ತೆಗೆದುಕೊಂಡವಳು ನಾನೇ. ಒಂದು ಮದುವೆಯಿಂದ ಹೊರಬಿದ್ದು ಬಾಡಿಗೆ ಮನೆಗೆ ಬಂದಿದ್ದೆ, ಕಂಕುಳಲ್ಲಿ ಜ್ವರದ ಮಗು. ಎದುರು ಬಾಗಿಲಿನ ಲಿಫ್ಟ್ ಮೆಕ್ಯಾನಿಕ್ ಮೆಟ್ಟಿಲ ಮೇಲೆ ನಿಂತು, ಗ್ರೀಸ್ ಮೆತ್ತಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಾ, ಆ ಪ್ರಶ್ನೆ ಕೇಳಿದ. ನನಗೆ ಮೈಯೆಲ್ಲ ಉರಿಯಿತು. "ಇನ್ನೊಂದು ಸಲ ಈ ವಿಷಯ ಎತ್ತಿದ್ರೆ ಮನೆ ಖಾಲಿ ಮಾಡ್ಕೊಂಡು ಹೋಗ್ತೀನಿ" ಎಂದೆ. ಅವನು ಮಾತು ಕೊಟ್ಟ.

ಕೊಟ್ಟವನು ಕಾಲಕ್ರಮೇಣ ಮರೆತುಬಿಡಬಾರದೇ? ಪುಟ್ಟಿಯ ಮೊದಲ ಸೈಕಲ್ಲಿನ ಹಿಂದೆ ಏದುಸಿರು ಬಿಡುತ್ತಾ ಓಡಿದ. ನನ್ನ ಹೊಲಿಗೆ ಮೆಷಿನ್ನಿನ ಬೆಲ್ಟ್ ಬದಲಿಸಿದ. ನನ್ನನ್ನು "ಮಾಸ್ಟರ್" ಎಂದು ಕರೆದು ರೇಗಿಸಿದ. ಒಲೆಯ ಮೇಲೆ ಹಾಲಿಟ್ಟು, ತೆರೆದ ಬಾಗಿಲಿನಿಂದ ನನ್ನನ್ನೇ ನೋಡುತ್ತಾ ನಿಂತು, ನಾನು ತಲೆಯೆತ್ತಿದ ಕೂಡಲೇ ಉಕ್ಕಿದ ಹಾಲಿಗೆ ಬೈದ. ಎಲ್ಲ ಮಾಡಿದ, ಅದೊಂದನ್ನು ಬಿಟ್ಟು.

ಈಗ ಪುಟ್ಟಿಯ ಆ ಹಲ್ಲುಗಳೆಲ್ಲ ಬಿದ್ದು ಹೊಸವು ಬಂದಿವೆ. ಮನೆ ಮಾಲೀಕರ ಮಗನಿಗೆ ಮದುವೆ. ನನ್ನ ಮನೆ ಅವರಿಗೆ ಬೇಕು. ಮತ್ತೆ ಬಾಡಿಗೆಗೆ ಅಲೆಯುವುದು ಸಾಕಾಗಿತ್ತು. ಸಣ್ಣದಾದರೂ ಸ್ವಂತದ್ದು ಎಂದು ಏಜೆಂಟನ ಹತ್ತಿರ ಹೋದರೆ, ಅವನು ಬೀಗದ ಕೈಗಳ ಗೊಂಚಲನ್ನು ಬೆರಳಲ್ಲಿ ತಿರುಗಿಸುತ್ತಾ ಕೂತಿದ್ದ.

"ಮೊದಲು ಬ್ಯಾಂಕಿಂದ ಲೋನ್ ಲೆಟರ್ ತನ್ನಿ ಮೇಡಂ. ಆಮೇಲೆ ಬಾಗಿಲು ತೆಗೀತೀನಿ."

"ಮನೇನೇ ನೋಡದೆ ಯಾವ ಮನೆಗೆ ಅಂತ ಲೋನ್ ಕೇಳ್ಲಿ?"

"ಈಗ ಹಾಗೇನೇ. ನಿಮಗೆಷ್ಟು ಸಿಗುತ್ತೆ ಅಂತ ಗೊತ್ತಾದ್ರೆ ತಾನೇ ಯಾವ ಮನೆ ತೋರಿಸ್ಬೇಕು ಅಂತ ನನಗೆ ಗೊತ್ತಾಗೋದು?"

ಬಟ್ಟೆ ತರುವ ಮುಂಚೆಯೇ ಗುಂಡಿ ಹೊಲಿಯಿರಿ ಎಂದ ಹಾಗಿತ್ತು.

ಮೆಕ್ಯಾನಿಕ್‌ಗೆ ಮಾತ್ರ ಎಲ್ಲಿಲ್ಲದ ಹುರುಪು. ಸಂಜೆ ಆದರೆ ನನ್ನ ಹೊಸ್ತಿಲ ಮೇಲೆ ಹಾಜರು.

"ಮೆಷಿನ್ ಕಿಟಕಿ ಪಕ್ಕ ಇರ್ಲಿ ಮಾಸ್ಟರ್. ಬೆಳಕು ಎಡಗಡೆಯಿಂದ ಬಿದ್ರೆ ನಿನ್ನ ಕೈ ನೆರಳು ಬಟ್ಟೆ ಮೇಲೆ ಬೀಳಲ್ಲ. ಪುಟ್ಟಿ ಟೇಬಲ್ ಆ ಕಡೆ ರೂಮಲ್ಲಿ."

"ಅಂಕಲ್, ನಂಗೆ ಬಾಲ್ಕನಿ!"

"ಆಯ್ತು, ಬಾಲ್ಕನಿ. ಬಟ್ಟೆನೂ ಅಲ್ಲೇ ಒಣಗ್ಲಿ."

ನಾನು ಹಲ್ಲು ಕಚ್ಚಿಕೊಂಡು ಗಿರಾಕಿಯೊಬ್ಬರ ಪ್ಯಾಂಟಿನ ಹಾಳಾದ ಜಿಪ್ ಬಿಚ್ಚುತ್ತಿದ್ದೆ. ನಾನು ಹೋದರೆ ಎದುರು ಬಾಗಿಲು ಹೋಗುತ್ತದೆ. ಅವನ ಕೆಮ್ಮು, ಅವನ ಉಕ್ಕಿದ ಹಾಲಿನ ವಾಸನೆ, ಎಲ್ಲ ಹೋಗುತ್ತದೆ. ಈ ಮನುಷ್ಯ ನನ್ನನ್ನು ಕಳಿಸಿಕೊಡಲು ಇಷ್ಟು ಉತ್ಸಾಹದಿಂದ ಕೂತಿದ್ದಾನಲ್ಲ! ಆಸೆ ಯಾವತ್ತೋ ಆರಿಹೋಗಿ, ಈಗ ಉಳಿದಿರುವುದು ಬರೀ ಒಳ್ಳೆಯತನವೇ? ಕೇಳುವುದು ಹೇಗೆ? ಆ ಬಾಯಿಗೆ ಬೀಗ ಹಾಕಿದವಳೇ ನಾನು.

ಬ್ಯಾಂಕಿಗೂ ಜೊತೆಗೆ ಬಂದ. ಮೂರನೇ ಮಹಡಿ. ಲೋನ್ ಆಫೀಸರ್ ನನ್ನದೇ ವಯಸ್ಸಿನ ಹೆಂಗಸು. ಕೋಟಿನ ತೋಳಿನ ಅಂಚು ಬಿಚ್ಚಿ ದಾರ ನೇತಾಡುತ್ತಿತ್ತು. ನನ್ನ ಕಣ್ಣು ಅಲ್ಲೇ. ಆಕೆ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದಳು. ಆ ಮೊತ್ತಕ್ಕೆ ಮನೆ ಬರುವಂತಿರಲಿಲ್ಲ, ಮನೆಯೊಂದರ ಬಾತ್‌ರೂಮ್ ಬರಬಹುದಿತ್ತು.

"ನಿಮ್ಮೊಬ್ಬರ ಆದಾಯಕ್ಕೆ ಇಷ್ಟೇ. ಜೊತೆಗೆ ಇನ್ನೊಬ್ಬರು ಸಹಿ ಹಾಕಿದ್ರೆ ಜಾಸ್ತಿ ಮಾಡ್ಬಹುದು."

"ನಾನು ಹಾಕ್ತೀನಿ" ಎಂದ ಅವನು, ಬಸ್ಸಿನಲ್ಲಿ ಸ್ವಲ್ಪ ಸರಿದು ಜಾಗ ಕೊಟ್ಟಷ್ಟು ಸಲೀಸಾಗಿ.

"ನೀವು ಇವರಿಗೆ ಏನಾಗ್ಬೇಕು?"

"ಎದುರು ಮನೆ."

ಆಕೆಯ ಪೆನ್ನು ನಿಂತಿತು. "ಸರ್, ಮನೆಯವರಾಗಿರ್ಬೇಕು. ಎದುರು ಮನೆಯವರಲ್ಲ. ಇದು ಇಪ್ಪತ್ತು ವರ್ಷದ ಸಾಲ."

"ಗೊತ್ತು. ರಿಟೈರ್ ಆಗೋಷ್ಟರಲ್ಲಿ ತೀರುತ್ತೆ."

ಆಕೆ ಅವನ ಮುಖ ನೋಡಿದಳು, ನನ್ನ ಮುಖ ನೋಡಿದಳು, ಬರುತ್ತಿದ್ದ ನಗುವನ್ನು ಕೆಮ್ಮಾಗಿ ಮಾಡಿಕೊಂಡಳು. "ಹೊರಗೆ ಹೋಗಿ ಮಾತಾಡ್ಕೊಂಡು ಬನ್ನಿ. ನಾನು ಊಟಕ್ಕೆ ಏಳೋದ್ರೊಳಗೆ."

ಲಿಫ್ಟಿನ ಬಾಗಿಲು ಮುಚ್ಚುವವರೆಗೂ ತಡೆದುಕೊಂಡಿದ್ದೆ.

"ಇಪ್ಪತ್ತು ವರ್ಷ ಸಾಲ ತೀರ್ಸೋಕೆ ರೆಡಿ. ಒಂದು ಮಾತು ಕೇಳೋಕೆ ಮಾತ್ರ ನಾಲಿಗೆ ಏಳಲ್ಲ, ಅಲ್ವಾ?"

"ಮಾತು ಕೊಟ್ಟಿದ್ದೀನಲ್ಲ ಮಾಸ್ಟರ್."

"ಆಗ ಪುಟ್ಟಿಗೆ ಹಲ್ಲು ಬರ್ತಿತ್ತು! ಆ ಹಲ್ಲೆಲ್ಲ ಬಿದ್ದೂ ಹೋಯ್ತು!"

"ಹಲ್ಲು ಬಿದ್ರೆ ಮಾತೂ ಬೀಳುತ್ತಾ?"

ಅವನ ತಲೆಯನ್ನು ಆ ಸ್ಟೀಲ್ ಗೋಡೆಗೆ ಚಚ್ಚಬೇಕು ಅನಿಸಿತು. "ಅಯ್ಯೋ ಪಾಪ ಅಂತ ಸಹಿ ಹಾಕೋದಾದ್ರೆ ಬೇಡ. ನಿನ್ನ ಕರುಣೇಲಿ ನನಗೆ ಮನೆ ಬೇಡ."

ಅವನು ಕತ್ತೆತ್ತಿ ಏನನ್ನೋ ಆಲಿಸಿದ. "ಬೇರಿಂಗ್ ಹೋಗಿದೆ" ಎಂದ ಮೆಲ್ಲಗೆ.

"ಮೆಕ್ಯಾನಿಕ್!"

"ಏನು, ಏನು?"

"ಇನ್ನೂ ಸಿಗದೇ ಇರೋ ಮನೇಲಿ ನನ್ನ ಮೆಷಿನ್ನಿಗೆ ಜಾಗ ಮಾಡ್ದೆ, ಪುಟ್ಟಿ ಟೇಬಲ್‌ಗೆ ಮಾಡ್ದೆ, ಒಣಗೋ ಬಟ್ಟೆಗೂ ಮಾಡ್ದೆ. ನಿನ್ನ ಟೂಲ್ ಬಾಕ್ಸಿಗೆ ಒಂದು ಮೂಲೆ ಅಂತ ಒಂದಿನ ಬಾಯಿ ಬಿಟ್ಟಿದ್ಯಾ?"

ಅವನ ಕಿವಿಗಳು ನಿಧಾನವಾಗಿ ಕೆಂಪಾದವು. ನಾನು ಎಷ್ಟೋ ಸಲ ಕದ್ದು ನೋಡಿದ್ದ ಕಿವಿಗಳವು. ಬಲಗಡೆಯದು ಎಡಗಡೆಯದಕ್ಕಿಂತ ಚೂರು ಮುಂದಕ್ಕೆ ಬಾಗಿದೆ. ಸದಾ ಏನನ್ನೋ ಕೇಳಿಸಿಕೊಳ್ಳುವವನ ಕಿವಿ.

"ಬಾಗಿಲ ಹಿಂದೆ" ಎಂದ.

"ಏನು?"

"ಟೂಲ್ ಬಾಕ್ಸ್. ಬಾಗಿಲ ಹಿಂದೆ, ಪುಟ್ಟಿ ಶೂ ಪಕ್ಕ. ಮೊದಲು ಅಡುಗೆಮನೆ ಕಿಟಕಿ ಕೆಳಗೆ ಅಂದ್ಕೊಂಡಿದ್ದೆ. ಗ್ರೀಸ್ ವಾಸನೆ ಅಂತ ನೀನು ಬೈತೀಯ ಅನ್ನಿಸ್ತು. ಅದಕ್ಕೇ ಬದಲಾಯಿಸ್ದೆ."

ಇನ್ನೂ ಸಿಗದ ಮನೆಯಲ್ಲಿ ನಾನು ಅವನಿಗೆ ಆಗಲೇ ಬೈದಾಗಿತ್ತು. ಅವನು ಬೈಸಿಕೊಂಡು, ಪೆಟ್ಟಿಗೆ ಎತ್ತಿ ಬಾಗಿಲ ಹಿಂದೆ ಇಟ್ಟೂ ಆಗಿತ್ತು.

ಇನ್ನೇನು ಕಾಯುವುದು?

"ನನ್ನ ಮದುವೆ ಆಗ್ತೀಯೋ ಇಲ್ವೋ?" ಎಂದು ಕಿರುಚಿದೆ. ಸರಿಯಾಗಿ ಆಗಲೇ ಲಿಫ್ಟಿನ ಬಾಗಿಲು ತೆರೆಯಿತು.

ಹೊರಗೆ ಕೋಲು ಹಿಡಿದ ಅಜ್ಜಿ, ಫೈಲ್ ಹಿಡಿದ ಇಬ್ಬರು, ಒಬ್ಬ ಸೆಕ್ಯುರಿಟಿ. ಯಾರೂ ಒಳಗೆ ಬರಲಿಲ್ಲ. ಬಾಗಿಲು ಮುಚ್ಚಲು ಹೊರಟಿತು. ಬಾಗಿಲಿಗೆ ಕಾಲು ಅಡ್ಡ ಇಡುವವರನ್ನು ಕಂಡರೆ ಸಿಡಿದೇಳುವ ಮೆಕ್ಯಾನಿಕ್, ತಾನೇ ಕಾಲು ಅಡ್ಡ ಇಟ್ಟ.

"ಹೇಳ್ಬಿಡಪ್ಪಾ" ಎಂದರು ಅಜ್ಜಿ, "ನನಗೆ ಮಂಡಿ ನೋವು. ಎಷ್ಟೊತ್ತು ನಿಲ್ಲಿಸ್ತೀಯ?"

"ಹೂಂ" ಎಂದ.

"ಏನು ಹೂಂ?"

"ಆಗ್ತೀನಿ ಅಂದೆ ಮಾರಾಯ್ತಿ! ನೀನು ಕೇಳೋದನ್ನೇ ಕಾಯ್ತಾ ಕಾಯ್ತಾ ನನ್ನ ತಲೆ ಅರ್ಧ ಬೆಳ್ಳಗಾಯ್ತು!"

ಅಜ್ಜಿಯ ಜೊತೆಗೇ ಮತ್ತೆ ಮೇಲೆ ಹೋದೆವು. ಇಕ್ಕಟ್ಟಿನಲ್ಲಿ ಅವನ ಕೈ ನನ್ನ ಕೈಗೆ ತಾಗಿತು. ಈ ಸಲ ಅವನು ಸರಿಯಲಿಲ್ಲ.

ಮದುವೆ ನೋಂದಾಯಿಸಿಕೊಂಡು ಬನ್ನಿ ಎಂದಳು ಲೋನ್ ಆಫೀಸರ್. ನಾನು ಚೀಲದಿಂದ ಸೂಜಿ ತೆಗೆದು ಆಕೆಯ ತೋಳಿನ ಅಂಚು ಹೊಲಿದುಕೊಟ್ಟೆ. ಎಷ್ಟು ಹೊತ್ತು ಅಂತ ನೋಡಿಕೊಂಡು ಕೂರುವುದು.

ಸಂಜೆ ವಿಷಯ ಹೇಳಿದಾಗ ಪುಟ್ಟಿ ಹೋಂವರ್ಕಿನಿಂದ ತಲೆ ಎತ್ತಿದಳು. "ಕೊನೆಗೂ ಅಂಕಲ್ ಕೇಳಿದ್ರಾ?"

"ಇಲ್ಲ, ನಾನೇ ಕೇಳ್ದೆ."

"ಮೊದಲೇ ಕೇಳಿದ್ರೆ ಒಂದು ಬಾಡಿಗೆ ಉಳೀತಿತ್ತಲ್ಲಮ್ಮಾ."

ಮುಂದಿನ ತಿಂಗಳು ಮದುವೆಯಾದೆವು. ಲೋನ್ ಲೆಟರೂ ಬಂತು. ಮನೆ ಇನ್ನೂ ಸಿಕ್ಕಿಲ್ಲ. ಏಜೆಂಟ್ ಒಂದೊಂದೇ ಬಾಗಿಲು ತೆಗೆಯುತ್ತಿದ್ದಾನೆ. ನಾನು ಕಿಟಕಿ ಎಲ್ಲಿದೆ ಎಂದು ಹುಡುಕುತ್ತೇನೆ, ಪುಟ್ಟಿ ಬಾಲ್ಕನಿಗೆ ಓಡುತ್ತಾಳೆ, ಅವನು ಬಾಗಿಲ ಹಿಂದೆ ಇಣುಕುತ್ತಾನೆ.

ಮದುವೆ ಆಗು ಎಂದು ಅವನು ಮತ್ತೆ ಯಾವತ್ತೂ ಕೇಳಲಿಲ್ಲ. ಕೊಟ್ಟ ಮಾತು ಉಳಿಸಿಕೊಂಡ.