ಗುಡಿಸಿಟ್ಟ ಕೋಣೆ

2025ರ ಫೆಬ್ರವರಿ 10, ಸೋಮವಾರ, ಬೆಳಿಗ್ಗೆ 10:20. ಪಂಚಾಯತ್ ಕಾರ್ಯದರ್ಶಿ ಶ್ರೀಧರನ್ ಏದುಸಿರು ಬಿಡುತ್ತ ಠಾಣೆಗೆ ಬಂದರು. ಬೇಗೂರು ಬದಿಯ ವಾರ್ಡಿನ ಗ್ರಾಮಸಭೆಯ ನಡಾವಳಿ ಪುಸ್ತಕ ಕಳವಾಗಿತ್ತು. ಹದಿನೈದನೇ ತಾರೀಕಿನೊಳಗೆ ಅದು ಯೋಜನಾಪಟ್ಟಿಯ ಜೊತೆ ಜಿಲ್ಲೆಗೆ ಹೋಗದಿದ್ದರೆ ಸಭೆಯನ್ನೇ ಮತ್ತೆ ಕರೆಯಬೇಕು. ಇನ್‌ಸ್ಪೆಕ್ಟರ್ ದಿವಾಕರನ್ ಎಫ್‌ಐಆರ್ ಹಾಕಿಸಿ, ಕಾನ್‌ಸ್ಟೇಬಲ್ ಸರಿತಳನ್ನು ಕರೆದುಕೊಂಡು ಹೊರಟರು. ಅವಳು ಕೊಳವಳ್ಳಿಯ ರೈತರ ಮಗಳು. ಕಾಡಂಚಿನ ಹಾಡಿಯ ಆದಿವಾಸಿಗಳ ಹತ್ತಿರ ಕನ್ನಡದಲ್ಲಿ ಮಾತಾಡಬಲ್ಲವಳು ಮಲಯಾಳಿಗಳೇ ತುಂಬಿದ ಆ ಠಾಣೆಯಲ್ಲಿ ಅವಳೊಬ್ಬಳೇ.

11:05ಕ್ಕೆ ಪಂಚಾಯತ್ ಆಫೀಸಿನಲ್ಲಿ ಪಂಚನಾಮೆ. ಬೀಗ ಒಡೆದಿರಲಿಲ್ಲ. ಕಂಪ್ಯೂಟರು, ಫ್ಯಾನು ಎಲ್ಲ ಇದ್ದಲ್ಲೇ ಇದ್ದವು.

"ಕೀಲಿ ಯಾರ ಹತ್ತಿರ?" ಸರಿತ ಕೇಳಿದಳು.

"ಒಂದು ನನ್ನ ಹತ್ತಿರ, ಇನ್ನೊಂದು ಇಲ್ಲಿ ಹದಿನಾಲ್ಕು ವರ್ಷದಿಂದ ಗುಡಿಸುವ ಹಾಡಿಯ ಮಾತಿ ಎಂಬವಳ ಹತ್ತಿರ. ಅವಳು ಶುಕ್ರವಾರದಿಂದ ರಜೆ. ಅವಳಿಗೆ ಪುಸ್ತಕ ಯಾಕೆ?" ಶ್ರೀಧರನ್ ನಕ್ಕರು.

"ಇವತ್ತು ಗುಡಿಸಿದ್ದು ಯಾರು?"

"ಯಾರೂ ಇಲ್ಲ."

ಸರಿತ ಕಿಟಕಿಯ ಹೊರಗೆ ನೋಡಿದಳು. ಜೀಪುಗಳು ಎಬ್ಬಿಸಿದ ಕೆಂಧೂಳು ದಪ್ಪಗೆ ಕೂತಿತ್ತು. ಒಳಗೆ ನೆಲ ಫಳಫಳ. ಹದಿನಾಲ್ಕು ವರ್ಷ ಒಂದೇ ಕೋಣೆ ಗುಡಿಸಿದ ಕೈ, ಕದಿಯಲು ಬಂದಾಗಲೂ ಸುಮ್ಮನಿರಲಿಲ್ಲ.

12:40ಕ್ಕೆ ಹಾಡಿ. ಮಾತಿ ಜಗಲಿಯಲ್ಲೇ ಕೂತಿದ್ದಳು.

"ಅಕ್ಕಾ, ಶನಿವಾರ ಆಫೀಸು ಮುಚ್ಚಿದ್ದಾಗ ಎಲ್ಲಿದ್ರಿ?"

"ಆಫೀಸಲ್ಲಿ. ಪುಸ್ತಕ ತರೋಕೆ ಹೋಗಿದ್ದೆ."

ಅವಳು ಅಕ್ಕಿಯ ಡಬ್ಬಿಯಿಂದ ಪುಸ್ತಕ ತೆಗೆದು ಮುಂದೆ ಹಿಡಿದಳು. "ಓದು ಮಗಳೇ, ಗಟ್ಟಿಯಾಗಿ ಓದು."

ಸರಿತ ಓದಿದಳು. ಮಹಿಳೆಯರ ಪಾಲಿನ ಅನುದಾನದಲ್ಲಿ ರಸ್ತೆಗೆ ಕಾಂಕ್ರೀಟ್. ಹೆಂಗಸರೂ ಅದರಲ್ಲಿ ನಡೆಯುವುದರಿಂದ ಇದು ಮಹಿಳಾ ಯೋಜನೆ. ಕೋರಿದವರು ಹಾಡಿಯ ಮಹಿಳೆಯರು. ಕೆಳಗೆ ಅವರ ಸಹಿಗಳು.

"ನಾವು ರಸ್ತೆ ಕೇಳಿದ್ವಾ? ದಿನ ತುಂಬಿದ ಬಸುರಿಯರು ಆಸ್ಪತ್ರೆ ಪಕ್ಕ ಉಳಿಯೋಕೆ ಒಂದು ಮನೆ ಕೇಳಿದ್ವಿ. ಮೂರು ವರ್ಷ ಕೇಳಿದ್ವಿ. ಹೋದ ಮಳೇಲಿ ಆನೆ ಅಡ್ಡ ನಿಂತು, ನನ್ನ ಮಗಳು ಕಾರ್ತು ಜೀಪಲ್ಲೇ ಹೆತ್ತಳು. ಕೂಸು ಉಳೀಲಿಲ್ಲ."

"ಸಹಿ ಯಾಕೆ ಹಾಕಿದ್ರಿ?"

"ಸಭೆಗೆ ಬಂದೋರ ಹಾಜರಿಗೆ ಅಂದ್ರು, ಹಾಕಿದ್ವಿ. ಆಮೇಲೆ ಗುಡಿಸ್ತಾ ಓದಿದೆ. ಸಾಕ್ಷರತೆ ಕ್ಲಾಸಲ್ಲಿ ಅಕ್ಷರ ಕಲಿಸಿದ್ದು ಪಂಚಾಯತಿಯವರೇ ಅಲ್ವಾ?"

ಸರಿತಳಿಗೆ ಸಿಟ್ಟು ನೆತ್ತಿಗೇರಿತು. ಆ ಪುಟವನ್ನೂ ಮಾತಿಯ ಮಾತನ್ನೂ ಒಂದಕ್ಷರ ಬಿಡದೆ ಪಂಚನಾಮೆಗೆ ಇಳಿಸಿದಳು. ದಿವಾಕರನ್ ಎರಡು ಸಲ ಓದಿ ಸಹಿ ಹಾಕಿದರು. 2:15ಕ್ಕೆ ಬಂಧನ.

ಠಾಣೆಯಲ್ಲಿ ಶ್ರೀಧರನ್ ಕಾದಿದ್ದರು. "ಸಾರೇ, ಪುಸ್ತಕ ಕೊಡಿ. ಕಳಿಸಬೇಕು."

"ಅದೀಗ ಮುದ್ದೆಮಾಲು, ಕೇಸಿನ ಸಾಕ್ಷಿ. ಕೋರ್ಟಿಗೆ ಅರ್ಜಿ ಹಾಕಿ," ಎಂದರು ದಿವಾಕರನ್.

"ಅಷ್ಟರಲ್ಲಿ ಗಡುವು ಮುಗಿಯುತ್ತದೆ!"

"ದೂರು ಕೊಟ್ಟವರು ನೀವೇ."

ಬೆಂಚಿನಲ್ಲಿದ್ದ ಮಾತಿ ತಲೆಯೆತ್ತಿದಳು. "ಹಂಗಾರೆ ಸಭೆ ಮತ್ತೆ ಸೇರ್ತದಾ?"

"ಸೇರಲೇಬೇಕು ಅಕ್ಕಾ."

"ಸೇರಲಿ. ಬರೆದದ್ದನ್ನ ಈ ಸಲ ಕಾರ್ತು ಎಲ್ಲರ ಮುಂದೆ ಓದ್ತಾಳೆ. ಆಮೇಲೇ ನಮ್ಮ ಸಹಿ."

ಸರಿತ ಕೇಸ್ ಡೈರಿ ತೆರೆದಳು. ಕಳವಿನ ಉದ್ದೇಶ ಎಂಬಲ್ಲಿ ಬರೆದಳು: ಬಸುರಿಯರಿಗೆ ಒಂದು ಮನೆ.