ಓದುವ ಮೊದಲೇ ಅಳಿಸಿಹೋದದ್ದು

"ಕಂಪನಿಯವರಿಗೆ ಬ್ಯಾರೆ ಉದ್ಯೋಗ ಇಲ್ಲೇನು? ಊಟ ಆತೇನ ಅಂತ ನೀ ಕೇಳಿದ್ದನ್ನ ಓದಕೋಂತ ಕುಂದರತಾರ?" ಎಂದು ಚಿಕ್ಕೋಡಿ ಬಸ್‌ಸ್ಟ್ಯಾಂಡಿನಲ್ಲಿ ಸಂಗ್ರಾಮ ನಕ್ಕಿದ್ದ.

ತ್ರಿಶಲಾ ನಗಲಿಲ್ಲ. ಅವರಿಬ್ಬರ ಮಾತೆಲ್ಲ ನಡೆಯುತ್ತಿದ್ದ ಆ್ಯಪನ್ನು ಯಾವುದೋ ದೊಡ್ಡ ಕಂಪನಿ ಕೊಂಡುಕೊಂಡ ಸುದ್ದಿ ಓದಿದಂದಿನಿಂದ ಅವಳಿಗೆ ಸಮಾಧಾನವಿರಲಿಲ್ಲ. ಅವಳು ಹಾರೂಗೇರಿಯ ಜೈನರ ಮನೆಯ ಹುಡುಗಿ, ಅವನು ಕೋರ್ಟಿನಲ್ಲಿ ಟೈಪಿಸ್ಟ್, ಬೇರೆ ಜಾತಿಯವನು. ಗುಟ್ಟು ರಟ್ಟಾದರೆ ಮುಗಿಯಿತು. ಅವನ ಫೋನ್ ಕಸಿದುಕೊಂಡು ಬೇರೆ ಆ್ಯಪ್ ಹಾಕಿದಳು. ಕಳಿಸಿದ ಮೆಸೇಜು, ಓದಿರಲಿ ಬಿಟ್ಟಿರಲಿ, ವಾರಕ್ಕೆ ತಾನಾಗಿ ಅಳಿಸಿಹೋಗುವಂತೆ ಸೆಟ್ಟಿಂಗ್ ಮಾಡಿದವಳೂ ಅವಳೇ. ಗಂಟಿಕ್ಕಿದ್ದ ಅವಳ ಹುಬ್ಬನ್ನೇ ನೋಡುತ್ತಿದ್ದವನು, ಅವಳು ತಲೆ ಎತ್ತಿದ್ದೇ ತಡ, ಬಸ್ಸಿನ ಬೋರ್ಡು ಓದತೊಡಗಿದ. ಆಗ ಅವಳಿಗೂ ನಗು ತಡೆಯಲಾಗಲಿಲ್ಲ.

ಭಾದ್ರಪದದಲ್ಲಿ ದಶಲಕ್ಷಣ ಪರ್ವ ಬಂತು. ಬಸದಿಯಲ್ಲಿ ಪ್ರವಚನ ಮುಗಿಸಿದ ಮುನಿಗಳು, ಈ ಹತ್ತು ದಿನ ಮೊಬೈಲ್ ತ್ಯಾಗ ಮಾಡುವವರು ಯಾರು ಎಂದು ಕೇಳಿದರು. ಗೆಳತಿಯರು ಕೈ ಎತ್ತಿದರು, ಅವಳೂ ಎತ್ತಿದಳು. ನಿಯಮ ತೆಗೆದುಕೊಂಡ ಮೇಲೆ, ಒಂದು ಮೆಸೇಜು ಹಾಕಿ ಬರ್ತೀನಿ ಎನ್ನಲಾದೀತೇ? ಫೋನ್ ಅವ್ವನ ಟ್ರಂಕು ಸೇರಿತು. ಸಂಗ್ರಾಮ ಕಾಯುತ್ತಾನೆ ಬಿಡು, ಎಂದುಕೊಂಡಳು. ಪ್ರೀತಿಸಿದವರ ಮೇಲೆ ನಮಗೆಷ್ಟು ಸಲಿಗೆ ನೋಡಿ, ಹೇಳದೆಯೂ ಅವರಿಗೆ ತಿಳಿಯಬೇಕು.

ಪರ್ವ ಮುಗಿದು ಫೋನ್ ತೆರೆದರೆ ಅವನ ಹೆಸರಿನ ಕೆಳಗೆ ಏನೂ ಇರಲಿಲ್ಲ. ಒಂದು ಮಾತೂ ಬರೆಯಲಿಲ್ಲವೇ ಎಂದು ಸಿಟ್ಟು ನೆತ್ತಿಗೇರಿತು. ಆದರೆ ಅಂದು ಕ್ಷಮಾವಣಿ. ಮುಖ ಕಂಡರಾಗದವರೂ ಕೈಮುಗಿದು ಕ್ಷಮೆ ಕೇಳಿಕೊಳ್ಳುವ ದಿನ. ಸಿಟ್ಟು ನುಂಗಿ ಚಿಕ್ಕೋಡಿ ಬಸ್ಸು ಹತ್ತಿದಳು.

ಕೋರ್ಟಿನ ಎದುರಿನ ಚಹಾದಂಗಡಿಯಲ್ಲಿ ಸಿಕ್ಕ. ಬೆರಳಲ್ಲಿ ಹೊಸ ಉಂಗುರವಿತ್ತು.

"ನಿಪ್ಪಾಣಿ ಹುಡಿಗಿ ಜೋಡಿ ಮೊನ್ನೆ ಸಾಖರಪುಡಾ ಆತು," ಅಂದ, ನಿಶ್ಚಿತಾರ್ಥದ ಆ ಉಂಗುರ ತಿರುವುತ್ತ.

ಮನೆಯವರು ಸಂಬಂಧ ನೋಡಿ ಬೆನ್ನು ಹತ್ತಿದ್ದರಂತೆ. ಪರ್ವದ ಮೊದಲ ದಿನವೇ ತ್ರಿಶಲಾಳಿಗೆ ಬರೆದಿದ್ದನಂತೆ: ನೀ ಹೂಂ ಅಂದರೆ ಸಾಕು, ನಿಮ್ಮಪ್ಪನ ಮುಂದೆ ಬಂದು ಕೇಳುತ್ತೇನೆ. ಉತ್ತರ ಬರಲಿಲ್ಲ, ಫೋನ್ ಸ್ವಿಚ್ ಆಫ್. ಅದನ್ನೇ ಉತ್ತರವೆಂದು ತಿಳಿದು ಮತ್ತೆ ಬರೆಯಲಿಲ್ಲ.

ಅವಳೇ ಇಟ್ಟ ವಾರದ ಗಡುವು ಮುಗಿದು ಆ ಮೆಸೇಜು ಅಳಿಸಿಹೋಗಿತ್ತು. ಯಾರೋ ಓದಿಯಾರೆಂದು ಹೆದರಿ, ತನಗೇ ಓದಲು ಸಿಗದ ಹಾಗೆ ಮಾಡಿಕೊಂಡಿದ್ದಳು. ನಿಯಮದ ವಿಷಯ ಅವನಿಗೆ ಹೇಳಿದಳು.

"ನಾ ಹೂಂ ಅಂತಿದ್ದೆ, ಸಂಗ್ರಾಮ. ಹೇಳದ ಹೋದೆ, ಕ್ಷಮಾ ಮಾಡು," ಎಂದು ಕೈಮುಗಿದಳು.

ಅವನು ಮುಗಿದ ಕೈಗಳನ್ನು ಹಿಡಿಯಲು ಹೋಗಿ, ಹಿಡಿಯದೆ ಬಿಟ್ಟ. ಮೇಜಿನ ಮೇಲಿದ್ದ ಅವನ ಫೋನಿಗೆ ನಿಪ್ಪಾಣಿಯಿಂದ ಮೆಸೇಜು ಬಂತು: ಊಟ ಆತೇನ್ರಿ? ಅವನು ಫೋನನ್ನು ಬೋರಲು ಹಾಕಿದ.

ತ್ರಿಶಲಾ ಅದನ್ನು ಮತ್ತೆ ಅಂಗಾತ ಮಾಡಿ ಅವನ ಕಡೆ ಸರಿಸಿ ಎದ್ದಳು.

"ಉತ್ತರಾ ಬರಿ. ಆಕೀನರ ಕಾಯಸಬ್ಯಾಡ."