ಮುಚ್ಚಳ ಹಾಕಿದ ಗಿರಾಕಿ

"ಕೂಸಪ್ಪಣ್ಣಾ, ಶುಂಠಿ ಮಿಠಾಯಿ ಉಂಟಾ?"

ಅಪ್ಪನ ಅಂಗಡಿಯ ಹೊರಗೆ, ಭರಣಿಗಳ ಪಕ್ಕ ನಿಂತಿದ್ದ ಹರಿಣಾಕ್ಷಿ ತಲೆಯೆತ್ತಿದಳು. ಪ್ರವೀತ್! ಆದಿತ್ಯವಾರ ತನ್ನನ್ನು ನೋಡಲು ಬರಬೇಕಾದ ಹುಡುಗ, ಫೋಟೋದಲ್ಲಿದ್ದ ಅದೇ ನಗುವಿನೊಂದಿಗೆ, ಶುಕ್ರವಾರವೇ ಹೊಸಂಗಡಿಯ ಈ ಹಳೇ ಅಂಗಡಿಯೆದುರು ನಿಂತಿದ್ದಾನೆ!

'ಹುಡುಗಿ ಟೀಚರ್, ಅಪ್ಪನಿಗೆ ಬಿಸಿನೆಸ್' ಎಂದಷ್ಟೇ ದಲ್ಲಾಳಿ ಹೇಳಿದ್ದ. ಆ ಬಿಸಿನೆಸ್ ಇದೇ... ಅಜ್ಜ ಚೆನ್ನಪ್ಪ ಬಸ್ಸು ನಿಲ್ಲುವಲ್ಲಿ ಬುಟ್ಟಿಯಿಟ್ಟು ಶುರು ಮಾಡಿದ್ದು, ಅಪ್ಪ ಕೂಸಪ್ಪ ಗಾಜಿನ ಭರಣಿಗಳವರೆಗೆ ತಂದದ್ದು. ಎದುರಂಗಡಿಗೆ ಗಲ್ಫ್ ಚಾಕಲೇಟು ಬಂದ ಮೇಲೆ ಈ ಭರಣಿಗಳನ್ನು ಕೇಳುವವರೇ ಕಡಿಮೆ. ಹುಡುಗನಾದರೋ ಶಾರ್ಜಾದಲ್ಲಿ ಕೆಲಸದಲ್ಲಿರುವವನು!

"ನೀವು... ಹರಿಣಾಕ್ಷಿ ಅಲ್ವಾ? ಇಲ್ಲಿ ಎಂತ?"

"ನಾನಾ? ಬಸ್ಸಿಗೆ ಕಾಯ್ತಾ ಇದ್ದೆ... ಮಿಠಾಯಿ ತೆಗೊಳ್ಳಲಿಕ್ಕೆ ಬಂದದ್ದು."

ಭರಣಿಯೊಳಗಿದ್ದ ಅಪ್ಪನ ಕೈ ಒಂದು ಕ್ಷಣ ನಿಂತಿತು. ಆಮೇಲೆ ಅವರು ಮಗಳತ್ತ ತಿರುಗಿ, ಅಂಗಡಿಯವರು ನಗುವ ಹಾಗೆ ನಕ್ಕರು.

"ನಿಮಗೆ ಎಷ್ಟು ಕಟ್ಟಲಿ, ಟೀಚರೇ?"

ನಿಮಗೆ...! ಹರಿಣಾಕ್ಷಿಯನ್ನು ಅಪ್ಪ ಎಂದೂ ಹಾಗೆ ಕರೆದವರಲ್ಲ. ಏನು ಮಾಡುತ್ತಿದ್ದೇನೆಂಬ ಅರಿವೂ ಇಲ್ಲದೆ, ತೆರೆದಿದ್ದ ಭರಣಿಯ ಕಂಠವನ್ನು ಶಾಲಿನ ತುದಿಯಿಂದ ಒರೆಸಿ, ಮುಚ್ಚಳ ಬಿಗಿದು, ಪೊಟ್ಟಣ ಹಿಡಿದು ಹೊರಟೇಬಿಟ್ಟಳು.

ಸಂಜೆ ಅಂಗಡಿಯ ಹಿಂಬದಿಯಲ್ಲಿ ಅಪ್ಪ ಒಬ್ಬರೇ ಪಾಕದೊಂದಿಗೆ ಗುದ್ದಾಡುತ್ತಿದ್ದರು. ಬಿಸಿ ಪಾಕವನ್ನು ಇಬ್ಬರು ಎರಡು ಕಡೆ ಹಿಡಿದು ಎಳೆದೆಳೆದು ಬೆಳ್ಳಗಾಗಿಸಬೇಕು. ಆ ಇನ್ನೊಂದು ತುದಿ ಹರಿಣಾಕ್ಷಿಯದು, ಶಾಲೆಗೆ ಹೋಗುತ್ತಿದ್ದಾಗಿನಿಂದಲೂ.

"ಬೇಡ ಮಗಾ. ಕೈ ಕೆಂಪಾಗ್ತದೆ. ನಾಡಿದ್ದು ಅವರು ನೋಡ್ತಾರೆ."

"ಅಪ್ಪಾ, ನಾನು ಇವತ್ತು..."

"ಅದೆಲ್ಲ ಬಿಡು. ಆದಿತ್ಯವಾರ ನನ್ನ ಬದಲಿಗೆ ನಿನ್ನ ಗುಣಪಾಲಮಾವ ಚಾವಡಿಯಲ್ಲಿ ಕೂತ್ಕೊಳ್ಳಲಿ. ನಾನು ಇಲ್ಲೇ ಇರ್ತೇನೆ, ಆಗದಾ?"

ಒಂದು ಬೈಗುಳವಾದರೂ ಬಂದಿದ್ದರೆ! ಅವಳು ರಾತ್ರಿಯ ಊಟ ಬಿಟ್ಟಳು. ಕನ್ನಡಿ ನೋಡಲೂ ನಾಚಿಕೆಯಾಯಿತು. 'ಈ ಮಿಠಾಯಿಯಲ್ಲೇ ಓದಿ ಟೀಚರಾದವಳು ನಾನು... ಅದನ್ನು ಮಾಡಿದವರನ್ನೇ ಗುರುತಿಲ್ಲ ಅಂದುಬಿಟ್ಟೆನಲ್ಲ, ಥೂ!'

ಶನಿವಾರ ಬೆಳಿಗ್ಗೆ ಅಪ್ಪ ಎಷ್ಟು ಬೇಡವೆಂದರೂ ಕೇಳದೆ ಪಾಕದ ತುದಿ ಹಿಡಿದಳು. ಅರ್ಧ ಎಳೆದಿರಲಿಲ್ಲ, ಅಷ್ಟರಲ್ಲಿ...

"ಕೂಸಪ್ಪಣ್ಣಾ!"

ಮತ್ತೆ ಪ್ರವೀತ್! ಓಡಿ ಅಡಗೋಣವೆಂದರೆ ಕೈ ಬಿಡುವಂತಿಲ್ಲ. ಓಡುವ ಮನಸ್ಸೂ ಅವಳಿಗಿರಲಿಲ್ಲ.

"ಒಳಗೆ ಬನ್ನಿ," ಎಂದಳು. "ಇವರು ನನ್ನ ಅಪ್ಪ. ನಿನ್ನೆ ನಾನು ಹೇಳಿದ್ದು ಸುಳ್ಳು. ನಾಳೆ ಚಾವಡಿಯಲ್ಲಿ ಕೂತ್ಕೊಳ್ಳುವುದೂ ಇವರೇ. ಅದು ಆಗದಿದ್ದರೆ... ನೀವು ಬರುವುದು ಬೇಡ."

ಕೂಸಪ್ಪನವರು ಮುಖ ಆಚೆ ತಿರುಗಿಸಿ ತೋಳಿನಿಂದ ಕಣ್ಣೊರೆಸಿಕೊಂಡರು.

"ನಂಗೆ ಗೊತ್ತಾಗಿತ್ತು," ಎಂದ ಪ್ರವೀತ್ ಮೆಲ್ಲಗೆ.

"ಹೇಗೆ?"

"ಕಡಲ ಗಾಳಿಗೆ ಮಿಠಾಯಿ ಅಂಟಾಗ್ತದೆ ಅಂತ ಭರಣಿಯ ಮುಚ್ಚಳ ಹಾಕಿ ಹೋಗುವ ಗಿರಾಕಿ ಎಲ್ಲಿಯಾದರೂ ಉಂಟಾ?"

ಹರಿಣಾಕ್ಷಿಯ ಮುಖ ಕೆಂಪಾಯಿತು.

"ತಪ್ಪು ನಂದೂ ಉಂಟು. ಗೊತ್ತಾಗಿಯೂ ಸುಮ್ಮನೆ ನಿಂತೆ. ಸಣ್ಣವನಿದ್ದಾಗ ಕುಂಬ್ಡಾಜೆಗೆ ಹೋಗುವ ಬಸ್ಸಿನಲ್ಲಿ ವಾಂತಿ ಬಾರದ ಹಾಗೆ ಇವರ ಮಿಠಾಯಿಯೇ ನಂಗೆ ಮದ್ದು. ಅವರನ್ನು ಹಾಗೆ ನಿಲ್ಲಿಸಿ ಹೋದೆನಲ್ಲ... ನಿದ್ದೆ ಬರಲಿಲ್ಲ ಮಾರಾಯ್ತಿ!"

ಅವನು ಅಂಗಿಯ ತೋಳು ಮಡಚಿ, ಕೈ ತೊಳೆದು ಬಂದು ಕೂಸಪ್ಪನವರ ಕೈಯಿಂದ ತುದಿ ತೆಗೆದುಕೊಂಡ.

"ಅಯ್ಯೋ, ಬಿಸಿ!"

"ಬಿಡಬೇಡಿ... ಹಾಳಾಗ್ತದೆ!" ಕಣ್ಣು ತುಂಬಿದ್ದರೂ ಅವಳಿಗೆ ನಗು ಬಂತು.

"ಬಿಡುವುದಿಲ್ಲ. ಆದರೆ ಒಂದು ಹೇಳಿ. ಸಣ್ಣದರಿಂದ ಕೂಸಪ್ಪಣ್ಣ ಅಂತ ಕರೆದು ಅಭ್ಯಾಸ. ಇನ್ನು ಇವರನ್ನು ಎಂತ ಕರೆಯಲಿ?"

ಹರಿಣಾಕ್ಷಿ ಅಪ್ಪನನ್ನು ನೋಡಿದಳು. ಆಮೇಲೆ, ರಸ್ತೆಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು.

"ಮಾವ ಅಂತ."